ಮರಿಯಾಗದ ಮೊಟ್ಟೆಗಳನ್ನು ಒಡೆದು ನೋಡಿದ ಮೇಲೆ: ಮನೆಯ ಕಾವುಪೆಟ್ಟಿಗೆಯ ಒಂದು ಪ್ರಕರಣ ಅಧ್ಯಯನ

ಇದು ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ಒಂದು ಅಡಿಕೆ ಬೆಳೆಗಾರ ಕುಟುಂಬದ ಪ್ರಕರಣ. ಮನೆಯವರ ಒಪ್ಪಿಗೆ ಪಡೆದು, ಅವರು ಬರೆದಿಟ್ಟ ನೋಟುಬುಕ್ಕನ್ನು ನೋಡಿ, ಹೆಸರು, ಊರು ಮತ್ತು ಯಂತ್ರದ ಕಂಪನಿಯ ಗುರುತು ಬಿಟ್ಟು ಇಲ್ಲಿ ದಾಖಲಿಸಿದ್ದೇನೆ. ಕೋಳಿಗಳನ್ನು ನೋಡಿಕೊಳ್ಳುವವರು ಮನೆಯ ಸೊಸೆ. ಮುಂದೆ ಅವರನ್ನು ‘ಗೃಹಿಣಿ’ ಎಂದಷ್ಟೇ ಕರೆಯುತ್ತೇನೆ. ಇನ್‌ಕ್ಯುಬೇಟರ್‌ನಲ್ಲಿ, ಎಂದರೆ ಕೋಳಿಯ ಬದಲು ಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯಲ್ಲಿ, ಮರಿಗಳು ಸರಿಯಾಗಿ ಆಗದಿದ್ದಾಗ ಬಹುತೇಕರು ಮೊದಲು ಯಂತ್ರದ ಅಂಕಿಗಳನ್ನು ಬದಲಿಸುತ್ತಾರೆ. ಈ ಮನೆಯಲ್ಲೂ ಮೊದಲು ಹಾಗೆಯೇ ಆಯಿತು, ನಷ್ಟ ಹೆಚ್ಚಿತು. ಆಮೇಲೆ ಅವರು ತೆಗೆದುಕೊಂಡ ಒಂದು ತೀರ್ಮಾನವೇ ಈ ಬರಹಕ್ಕೆ ಕಾರಣ.

ಹಿನ್ನೆಲೆ

ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೇಂಟೆಗಳು ಮತ್ತು ಎರಡು ಹುಂಜಗಳಿದ್ದವು. ಹೆಚ್ಚಿನವು ನಾಟಿ ಕೋಳಿಗಳು. ಉಳಿದವು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯೊಂದಿಗೆ ಬೆರೆತವು. ನಾಟಿ ಕೋಳಿ ಕಾವಿಗೆ ಕೂತರೆ ಇಪ್ಪತ್ತೊಂದು ದಿನ ಗೂಡು ಬಿಡುವುದಿಲ್ಲ, ಮರಿ ಎದ್ದ ಮೇಲೂ ಅವುಗಳ ಹಿಂದೆ ಎರಡು ತಿಂಗಳು ಓಡಾಡುತ್ತದೆ. ಅಷ್ಟು ಕಾಲ ಮೊಟ್ಟೆಯ ಆಸೆ ಬಿಡಬೇಕು. ಗಿರಿರಾಜದ ರಕ್ತವಿರುವ ಹೇಂಟೆಗಳಾದರೋ ಕಾವಿಗೆ ಕೂರುವುದೇ ಅಪರೂಪ. ಇದರ ಮೇಲೆ ಮುಂಗುಸಿ ಮತ್ತು ಕಾಡುಬೆಕ್ಕಿನ ಕಾಟವಿತ್ತು. ಕಾವಿಗೆ ಕೂತ ಕೋಳಿಯನ್ನು ಮೊಟ್ಟೆಯ ಸಮೇತ ಕಳೆದುಕೊಂಡದ್ದೂ ಉಂಟು. ಹೀಗಾಗಿ ಅರವತ್ತು ಮೊಟ್ಟೆ ಹಿಡಿಯುವ ಥರ್ಮೋಕೋಲ್ ಮೈಯ ಒಂದು ಸಣ್ಣ ಇನ್‌ಕ್ಯುಬೇಟರ್ ಕೊಂಡರು. ಅದರಲ್ಲಿ ಫ್ಯಾನು, ಉಷ್ಣತೆ ತೋರಿಸುವ ಡಿಜಿಟಲ್ ಕಂಟ್ರೋಲರ್, ಮೊಟ್ಟೆಯ ಟ್ರೇಯನ್ನು ತಾನೇ ವಾಲಿಸುವ ಮೋಟರ್, ತಳದಲ್ಲಿ ನೀರು ಹಾಕಲು ಎರಡು ತೊಟ್ಟಿ, ಮುಚ್ಚಳದಲ್ಲಿ ಗಾಳಿಯಾಡಲು ನಾಲ್ಕು ತೂತುಗಳಿದ್ದವು.

ಫ್ಯಾನಿರುವ ಯಂತ್ರದಲ್ಲಿ ಕೋಳಿಮೊಟ್ಟೆಗೆ ಬೇಕಾದ ಉಷ್ಣತೆ 37.5ರಿಂದ 37.8 ಡಿಗ್ರಿ ಸೆಲ್ಸಿಯಸ್. ಮೊದಲ ಹದಿನೆಂಟು ದಿನ ಒಳಗಿನ ತೇವಾಂಶ ಶೇಕಡಾ 50ರ ಆಸುಪಾಸಿನಲ್ಲಿದ್ದು, ಕೊನೆಯ ಮೂರು ದಿನ 65ರಿಂದ 70ಕ್ಕೆ ಏರಬೇಕು. ಹದಿನೆಂಟನೆಯ ದಿನಕ್ಕೆ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಬೇಕು. ಯಂತ್ರದ ಜೊತೆ ಬಂದ ಹಾಳೆಯಲ್ಲಿ ಇವೆಲ್ಲ ಅಚ್ಚಾಗಿದ್ದವು. ಆದರೆ ಪೆಟ್ಟಿಗೆಗೆ ಸೇರುವ ಮೊದಲು ಮೊಟ್ಟೆ ಎಲ್ಲಿ, ಎಷ್ಟು ದಿನ ಇರಬೇಕೆಂಬ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಸಮಸ್ಯೆ: ಎರಡು ಬಾರಿಯ ನಷ್ಟ

ಮೊದಲ ಸಲ ಮೇ ತಿಂಗಳಲ್ಲಿ 48 ಮೊಟ್ಟೆ ಇಟ್ಟರು. ಯಂತ್ರ ತುಂಬಲಿ ಎಂದು ಎರಡು ವಾರಕ್ಕೂ ಮಿಕ್ಕಿ ಕೂಡಿಟ್ಟ ಮೊಟ್ಟೆಗಳವು. ಇಲಿ ಮುಟ್ಟದಿರಲೆಂದು ಬಿದಿರಿನ ಬುಟ್ಟಿಯಲ್ಲಿ ಹಾಕಿ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು. ಎದ್ದದ್ದು 11 ಮರಿಗಳು. ಅವೂ ಒಟ್ಟಿಗೆ ಏಳಲಿಲ್ಲ. ಇಪ್ಪತ್ತೊಂದನೆಯ ದಿನ ಒಂದೆರಡು, ಮರುದಿನ ಕೆಲವು, ಕೊನೆಯದು ಇಪ್ಪತ್ತಮೂರನೆಯ ದಿನ. ಉಳಿದ 37 ಮೊಟ್ಟೆಗಳನ್ನು ಹಾಗೆಯೇ ಗೊಬ್ಬರದ ಗುಂಡಿಗೆ ಹಾಕಿದರು.

ಆ ಸಲ ಒಂದು ಮರಿ ಚಿಪ್ಪಿಗೆ ಬಿರುಕು ಬಿಟ್ಟು, ಒಳಪೊರೆ ಒಣಗಿ ಮೈಗೆ ಅಂಟಿಕೊಂಡು, ಹೊರಬರಲಾಗದೆ ಸತ್ತಿತು. ಮನೆಯವರೆಲ್ಲರೂ ಕಣ್ಣಾರೆ ಕಂಡ ಸಾವು ಅದೊಂದೇ. ಒಳಪೊರೆ ಒಣಗುವುದಕ್ಕೆ ತೇವಾಂಶದ ಕೊರತೆ ಕಾರಣವೆಂಬುದು ನಿಜ, ಅದರಲ್ಲೂ ಮರಿ ಏಳುವ ಹೊತ್ತಿನಲ್ಲಿ ಮುಚ್ಚಳ ಪದೇ ಪದೇ ತೆರೆದರೆ ಹೀಗಾಗುತ್ತದೆ. ಆದರೆ ಕಂಡ ಒಂದು ಸಾವಿನ ಕಾರಣವನ್ನು ಕಾಣದ 36 ಮೊಟ್ಟೆಗಳಿಗೂ ಹಚ್ಚಿಬಿಟ್ಟರು. ಕೇಳಿದವರೆಲ್ಲ ಹೇಳಿದ್ದೂ ಅದನ್ನೇ: ನೀರು ಸಾಲಲಿಲ್ಲ, ಮುಂದಿನ ಸಲ ಹೆಚ್ಚು ಹಾಕಿ.

ಜುಲೈನಲ್ಲಿ ಎರಡನೆಯ ಸಲ 54 ಮೊಟ್ಟೆ ಇಟ್ಟರು. ಮೊದಲ ದಿನದಿಂದಲೇ ಎರಡೂ ತೊಟ್ಟಿ ತುಂಬಿಸಿದರು, ಒಂದು ಮೂಲೆಯಲ್ಲಿ ಒದ್ದೆ ಬಟ್ಟೆ ಇಟ್ಟರು, ತೇವ ಹೊರಗೆ ಹೋಗದಿರಲೆಂದು ನಾಲ್ಕರಲ್ಲಿ ಮೂರು ತೂತುಗಳಿಗೆ ಟೇಪು ಅಂಟಿಸಿದರು. ಮುಚ್ಚಳದ ಗಾಜಿನ ಒಳಮೈಯಲ್ಲಿ ಸದಾ ಹನಿ ಕಟ್ಟಿರುತ್ತಿತ್ತು, ಅದನ್ನು ಒಳ್ಳೆಯ ಲಕ್ಷಣವೆಂದೇ ತಿಳಿದರು. ಈ ಸಲ ಎದ್ದದ್ದು 9 ಮರಿ. ಮೈ ಊದಿಕೊಂಡು, ಹೊಕ್ಕುಳು ಹಸಿಯಾಗಿ, ನಿಲ್ಲಲು ತಡವರಿಸುತ್ತಿದ್ದವು; ಮೂರು ಮರಿ ವಾರದೊಳಗೆ ಸತ್ತವು. ಏಳಲು ಕಷ್ಟಪಡುತ್ತಿದ್ದ ಇನ್ನೆರಡು ಮರಿಗಳ ಚಿಪ್ಪನ್ನು ಕೈಯಿಂದ ಬಿಡಿಸಲು ಹೋಗಿ, ಪೊರೆಯ ರಕ್ತನಾಳ ಹರಿದು ಅವೂ ಉಳಿಯಲಿಲ್ಲ.

ಇಷ್ಟರಲ್ಲಿ ಮನೆಯೊಳಗೆ ಎರಡು ಅಭಿಪ್ರಾಯಗಳಾಗಿದ್ದವು. ಯಂತ್ರವೇ ಸರಿಯಿಲ್ಲ, ಹಿಂದಕ್ಕೆ ಕಳಿಸೋಣ ಎಂದು ಗೃಹಿಣಿಯ ಮಗ ಹೇಳುತ್ತಿದ್ದ. ಗೃಹಿಣಿಯ ಮಾವನವರ ಮಾತು ಬೇರೆ: “ದೊಡ್ಡ ಹುಂಜಕ್ಕೆ ವಯಸ್ಸಾಯ್ತು ಮಗಾ. ಗೊಡ್ಡು ಮೊಟ್ಟೆಗೆ ಎಷ್ಟು ಕಾವು ಕೊಟ್ಟರೇನು? ಹಬ್ಬಕ್ಕೆ ಅದನ್ನೇ ಕೊಯ್ದು ಹೊಸದು ತರೋಣ.” ಎರಡು ಅಭಿಪ್ರಾಯಗಳಿಗೂ ಆಧಾರವಿರಲಿಲ್ಲ, ತಪ್ಪೆಂದು ತೋರಿಸುವ ದಾರಿಯೂ ಯಾರ ಬಳಿಯೂ ಇರಲಿಲ್ಲ.

ತಿರುವು: ಉಳಿದ ಮೊಟ್ಟೆಗಳು

ಸೊರಗಿದ ಮರಿಗಳಿಗೆ ಔಷಧ ಕೇಳಲು ಗೃಹಿಣಿ ಪಶು ಆಸ್ಪತ್ರೆಗೆ ಹೋದಾಗ ಅಲ್ಲಿನ ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಮರಿಯಾಗದ ಮೊಟ್ಟೆ ಎಲ್ಲಿವೆ?” ಅದೃಷ್ಟವಶಾತ್ ಅವನ್ನು ಇನ್ನೂ ಎಸೆದಿರಲಿಲ್ಲ. ಒಂದೊಂದನ್ನೂ ಒಡೆದು, ಒಳಗಿನ ಭ್ರೂಣ ಎಷ್ಟು ಬೆಳೆದು ಸತ್ತಿದೆಯೆಂದು ನೋಡಿ ಬರೆದುಕೊಂಡು ಬನ್ನಿ, ಅಲ್ಲಿಯವರೆಗೆ ಯಂತ್ರ ಮುಟ್ಟಬೇಡಿ ಎಂದು ಹೇಳಿ ಕಳಿಸಿದರು.

ಹಿತವಾದ ಕೆಲಸವಲ್ಲ ಇದು. ಮೂರು ವಾರ ಬೆಚ್ಚಗಿದ್ದ ಮೊಟ್ಟೆಗಳಲ್ಲಿ ಕೆಲವು ಕೊಳೆತಿರುತ್ತವೆ, ಒತ್ತಡಕ್ಕೆ ಸಿಡಿಯಲೂಬಹುದು. ತಾಯಿ ಮಗ ಇಬ್ಬರೂ ಹಿತ್ತಲಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಹಳೆಯ ತಟ್ಟೆಯೊಂದರಲ್ಲಿ 45 ಮೊಟ್ಟೆಗಳನ್ನೂ ಅಗಲವಾದ ತುದಿಯಿಂದ ಒಡೆದರು. ಗಾಳಿಗೂಡು, ಎಂದರೆ ಚಿಪ್ಪಿನೊಳಗೆ ಗಾಳಿ ತುಂಬಿದ ಖಾಲಿ ಜಾಗ, ಇರುವುದು ಆ ತುದಿಯಲ್ಲಿ. ಅಲ್ಲಿಂದ ಬಿಡಿಸಿದರೆ ಮರಿಯ ತಲೆ ಎಲ್ಲಿದೆ, ಗೂಡು ಎಷ್ಟು ದೊಡ್ಡದಿದೆ ಎಂಬುದು ಮೊದಲು ಕಾಣುತ್ತದೆ. ಮಗ ನೋಟುಬುಕ್ಕಿನಲ್ಲಿ ಗೆರೆ ಎಳೆಯುತ್ತ ಹೋದ. 10 ಮೊಟ್ಟೆಗಳಲ್ಲಿ ಬೆಳವಣಿಗೆಯ ಗುರುತೇ ಇರಲಿಲ್ಲ. 12ರಲ್ಲಿ ರಕ್ತದ ಉಂಗುರ ಅಥವಾ ಕಣ್ಣಿನ ಕಪ್ಪು ಚುಕ್ಕೆಯಷ್ಟೇ ಮೂಡಿದ ಭ್ರೂಣವಿತ್ತು, ಎಂದರೆ ಮೊದಲ ವಾರದ ಸಾವು. ನಡುವಿನ ದಿನಗಳಲ್ಲಿ ಸತ್ತವು 4 ಮಾತ್ರ. ಉಳಿದ 19ರಲ್ಲಿ ಗರಿ, ಕೊಕ್ಕು, ಉಗುರು ಎಲ್ಲ ಮೂಡಿದ ಪೂರ್ತಿ ಮರಿಗಳಿದ್ದವು; ಗಾಳಿಗೂಡು ಕಿರಿದಾಗಿತ್ತು, ಮೈ ನೀರಿನಲ್ಲಿ ತೊಯ್ದಿತ್ತು, ಹಳದಿ ಭಂಡಾರ (ಮರಿಗೆ ಆಹಾರವಾಗುವ ಹಳದಿಯ ಚೀಲ) ಹೊಟ್ಟೆಯೊಳಗೆ ಪೂರ್ತಿ ಸೇರದೆ ಹೊರಗೇ ಉಳಿದಿತ್ತು.

ಈ ಪುಟವನ್ನು ನಾನು ಹಲವು ಸಲ ತಿರುಗಿ ನೋಡಿದ್ದೇನೆ. ‘54ಕ್ಕೆ 9’ ಎಂಬ ಒಂದೇ ಸೋಲಾಗಿ ಕಂಡದ್ದು ಇಲ್ಲಿ ಎರಡಾಗಿ ಬೇರೆಯಾಗಿತ್ತು. ಸಾವುಗಳು ಆರಂಭದಲ್ಲೊಂದು ಗುಂಪು, ಕೊನೆಯಲ್ಲೊಂದು ಗುಂಪು. ನಡುವೆ ಬಹುತೇಕ ಖಾಲಿ. ಯಂತ್ರ ಕೆಟ್ಟು ದಿನವೂ ಉಷ್ಣತೆ ಏರಿಳಿಯುತ್ತಿದ್ದರೆ ನಡುವಿನ ದಿನಗಳಲ್ಲೂ ಇನ್ನಷ್ಟು ಸಾವು ಕಾಣುವ ಸಾಧ್ಯತೆಯಿತ್ತು. ಎರಡು ಗುಂಪಿಗೂ ಒಂದೇ ಮದ್ದು ಸಾಧ್ಯವಿರಲಿಲ್ಲ. ‘ನೀರು ಸಾಲಲಿಲ್ಲ’ ಎಂಬ ಮಾತಿಗಂತೂ ಆ 19 ಮರಿಗಳೇ ನೇರ ಉತ್ತರವಾಗಿದ್ದವು.

ಹುಂಜದ ಪ್ರಶ್ನೆ

ಬೆಳವಣಿಗೆಯೇ ಕಾಣದ 10 ಮೊಟ್ಟೆಗಳಲ್ಲಿ ಎರಡು ಬಗೆಯಿರಬಹುದು: ಹುಂಜ ಕೂಡದ ಗೊಡ್ಡು ಮೊಟ್ಟೆ, ಇಲ್ಲವೇ ಫಲಿತವಾಗಿಯೂ ಮೊದಲ ದಿನಗಳಲ್ಲೇ ಸತ್ತದ್ದು. ಮೂರು ವಾರ ಕಾವಿನಲ್ಲಿದ್ದ ಮೇಲೆ ಇವೆರಡನ್ನೂ ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಕಷ್ಟ, ತಾಜಾ ಮೊಟ್ಟೆಯಲ್ಲಾದರೆ ಸುಲಭ. ಒಡೆದು ತಟ್ಟೆಗೆ ಬಿಟ್ಟಾಗ ಹಳದಿಯ ಮೇಲೆ ಒಂದು ಬಿಳಿ ಚುಕ್ಕೆ ಕಾಣುತ್ತದೆ. ಗೊಡ್ಡು ಮೊಟ್ಟೆಯಲ್ಲಿ ಅದು ಚಿಕ್ಕದಾಗಿ, ಗಟ್ಟಿ ಬಿಳಿಯಾಗಿ, ಅಂಚು ಅಂಕುಡೊಂಕಾಗಿರುತ್ತದೆ. ಫಲಿತ ಮೊಟ್ಟೆಯಲ್ಲಿ ಸ್ವಲ್ಪ ದೊಡ್ಡದಾಗಿ, ದುಂಡಗೆ, ನಡುವೆ ತಿಳಿಯಾಗಿ ಬಳೆಯಂತೆ ಇರುತ್ತದೆ.

ಮುಂದಿನ ಎರಡು ವಾರ ಗೃಹಿಣಿ ಅಡುಗೆಗೆ ಒಡೆದ ಪ್ರತಿ ಮೊಟ್ಟೆಯನ್ನೂ ಮೊದಲು ಸ್ಟೀಲಿನ ತಟ್ಟೆಗೆ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಬಾಣಲೆಗೆ ಹಾಕಿದರು. ಹಳದಿಯನ್ನು ಮೆಲ್ಲಗೆ ಹೊರಳಿಸಿದರೆ ಚುಕ್ಕೆ ತಾನಾಗಿ ಮೇಲೆ ಬರುತ್ತಿತ್ತು. ನೋಡಿದ 26 ಮೊಟ್ಟೆಗಳಲ್ಲಿ 24ರಲ್ಲಿ ದುಂಡಗಿನ ಬಳೆ ಇತ್ತು. ಒಂದು ಪೈಸೆಯ ಖರ್ಚಿಲ್ಲದ ಈ ಪರೀಕ್ಷೆ ಹುಂಜದ ಮೇಲಿನ ಆರೋಪವನ್ನು ತೆಗೆದುಹಾಕಿತು. ಮಾವನವರು ತಾವೇ ಒಂದೆರಡು ಸಲ ತಟ್ಟೆ ನೋಡಿ ಒಪ್ಪಿಕೊಂಡರು. ಹುಂಜವನ್ನು ಆಗಲೇ ಕೊಯ್ದಿದ್ದರೆ ಒಳ್ಳೆಯ ಬೀಜದ ಕೋಳಿ ಹೋಗುತ್ತಿತ್ತು, ಜೊತೆಗೆ ನಿಜವಾದ ಕಾರಣವೂ ಮುಚ್ಚಿಹೋಗುತ್ತಿತ್ತು.

ಹಾಗಾದರೆ ಆರಂಭದ 22 ಮೊಟ್ಟೆಗಳಲ್ಲಿ ಹೆಚ್ಚಿನವು ಯಂತ್ರಕ್ಕೆ ಸೇರುವ ಮೊದಲೇ ಸೊರಗಿದ್ದವು. ಕೋಳಿ ಮೊಟ್ಟೆ ಇಟ್ಟ ಹೊತ್ತಿಗೆ ಅದರೊಳಗಿನ ಜೀವ ಆಗಲೇ ಬೆಳೆಯತೊಡಗಿರುತ್ತದೆ, ತಂಪಾದಾಗ ತಡೆದು ನಿಲ್ಲುತ್ತದೆ. 15ರಿಂದ 18 ಡಿಗ್ರಿಯಲ್ಲಿ ಅದು ಒಂದು ವಾರ ಚೆನ್ನಾಗಿ ತಾಳುತ್ತದೆ. 25 ಡಿಗ್ರಿ ಮೀರಿದ ಕಡೆ ಇಟ್ಟರೆ ಪೂರ್ತಿ ನಿಲ್ಲದೆ, ಸರಿಯಾಗಿ ಬೆಳೆಯದೆ, ದಿನದಿಂದ ದಿನಕ್ಕೆ ಬಲಗುಂದುತ್ತದೆ. ಒಲೆಯ ಮೇಲಿನ ಅಟ್ಟ ಅಡಿಕೆಗೂ ಕಟ್ಟಿಗೆಗೂ ಒಳ್ಳೆಯ ಜಾಗ. ಮರಿ ಮಾಡಿಸುವ ಮೊಟ್ಟೆಗೆ ಅದಕ್ಕಿಂತ ಕೆಟ್ಟ ಜಾಗ ಆ ಮನೆಯಲ್ಲಿ ಇರಲಿಲ್ಲ. ಅದೂ ಎರಡು ವಾರ.

ಕೈಗೊಂಡ ಕ್ರಮಗಳು

ಮೂರನೆಯ ಸಲಕ್ಕೆ ಮುಂಚೆ ಬದಲಿಸಿದ್ದರಲ್ಲಿ ಹೆಚ್ಚಿನದು ಯಂತ್ರದ ಹೊರಗಿನದು. ಮೊಟ್ಟೆಗಳನ್ನು ಅಟ್ಟದಿಂದ ಇಳಿಸಿ ಉತ್ತರದ ಕಡೆಯ ಉಗ್ರಾಣದ ಕೋಣೆಗೆ ತಂದರು. ದೊಡ್ಡ ಮಣ್ಣಿನ ಮಡಕೆಯ ತಳದಲ್ಲಿ ಒದ್ದೆ ಮರಳು ಹಾಕಿ, ಅದರ ಮೇಲೆ ಒಣ ಹುಲ್ಲಿನ ಸಿಂಬೆ ಇಟ್ಟು, ಮೊಟ್ಟೆಗಳನ್ನು ಅಗಲ ತುದಿ ಮೇಲಾಗಿ ಜೋಡಿಸಿದರು. ಫ್ರಿಜ್ಜಿನಲ್ಲಿ ಇಡಲಿಲ್ಲ, ಅಷ್ಟು ತಣ್ಣಗಾದರೆ ಭ್ರೂಣ ತಾಳುವುದಿಲ್ಲ. ಪ್ರತಿ ಮೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆದರು. ಮಣ್ಣು ಮೆತ್ತಿದ್ದನ್ನು ಒಣ ಬಟ್ಟೆಯಿಂದ ಒರೆಸಿದರೇ ಹೊರತು ತೊಳೆಯಲಿಲ್ಲ. ನೀರು ತಾಗಿದರೆ ಚಿಪ್ಪಿನ ಮೇಲಿನ ಕಾಪಿನ ಲೇಪ ಹೋಗಿ ರೋಗಾಣುಗಳಿಗೆ ದಾರಿಯಾಗುತ್ತದೆ.

ಏಳು ದಿನಕ್ಕಿಂತ ಹಳೆಯ ಮೊಟ್ಟೆ ಇಡಬಾರದೆಂಬ ನಿಯಮಕ್ಕೆ ಮನೆಯಲ್ಲಿ ವಿರೋಧ ಬಂತು. ವಾರಕ್ಕೆ ಕೂಡುವುದು ಮೂವತ್ತು ಮೊಟ್ಟೆ, ಯಂತ್ರ ಹಿಡಿಯುವುದು ಅರವತ್ತು. ಅರ್ಧ ಖಾಲಿ ಪೆಟ್ಟಿಗೆಗೆ ಕರೆಂಟು ಯಾಕೆ ಸುಡಬೇಕು ಎಂಬ ಪ್ರಶ್ನೆ ಸಹಜವೇ. ಆದರೆ ಪೆಟ್ಟಿಗೆ ತುಂಬಿಸುವ ಆಸೆಯೇ ಮೊದಲ ಎರಡು ಸಲ ಹಳೆಯ ಮೊಟ್ಟೆಗಳನ್ನು ಒಳಗೆ ತಂದದ್ದು. ಗೃಹಿಣಿ ಈ ಒಂದು ವಿಷಯದಲ್ಲಿ ಯಾರ ಮಾತಿಗೂ ಬಗ್ಗಲಿಲ್ಲ. ಈ ಪ್ರಕರಣದಲ್ಲಿ ಅತ್ಯಂತ ಹೆಚ್ಚು ಫಲ ಕೊಟ್ಟ ನಿರ್ಧಾರ ಇದೇ ಎಂದು ನನ್ನ ಅಭಿಪ್ರಾಯ.

ಯಂತ್ರದ ಉಷ್ಣತೆಯನ್ನು ಜ್ವರ ನೋಡುವ ಪಾದರಸದ ಥರ್ಮಾಮೀಟರಿನಿಂದ ಪರೀಕ್ಷಿಸಿದರು. ಬೇಕಾದ ಉಷ್ಣತೆ ಅದರ ಅಳತೆಯೊಳಗೇ ಬರುವುದರಿಂದ ಈ ಕೆಲಸಕ್ಕೆ ಅದು ಚೆನ್ನಾಗಿ ಒದಗುತ್ತದೆ. ಪರದೆ 37.7 ತೋರಿಸುವಾಗ ಮೊಟ್ಟೆಗಳ ಮಟ್ಟದಲ್ಲಿ ಇದ್ದದ್ದು 37.2. ಮರಿಗಳು ತಡವಾಗಿ ಏಳುತ್ತಿದ್ದುದಕ್ಕೆ ಹಳೆಯ ಮೊಟ್ಟೆಗಳ ಜೊತೆ ಇದೂ ಸೇರಿತ್ತು. ವ್ಯತ್ಯಾಸವನ್ನು ಕಂಟ್ರೋಲರಿನಲ್ಲಿ ಸರಿಪಡಿಸಿ, ಪೆಟ್ಟಿಗೆಯನ್ನು ಜಗುಲಿಯಿಂದ ಒಳಕೋಣೆಗೆ ಸಾಗಿಸಿದರು.

ತೇವಾಂಶದ ವಿಚಾರ ಇಷ್ಟು ಸರಳವಾಗಿರಲಿಲ್ಲ. ಹೊರಗೆ ಜಡಿಮಳೆ ಇದ್ದುದರಿಂದ ಒಳಗೂ ಬೇಕಾದಷ್ಟು ತೇವವಿರುತ್ತದೆ, ನೀರೇ ಬೇಡ ಎಂದು ಈಗ ಮಗ ವಾದಿಸತೊಡಗಿದ್ದ. ಇದೂ ಅರ್ಧ ಸತ್ಯ. ಗಾಳಿ ಬಿಸಿಯಾದಂತೆ ಅದು ಹಿಡಿಯಬಲ್ಲ ನೀರಿನ ಪ್ರಮಾಣ ಹೆಚ್ಚುತ್ತದೆ. 22 ಡಿಗ್ರಿಯಲ್ಲಿ ಶೇಕಡಾ 90 ತೇವಾಂಶವಿರುವ ಮಳೆಗಾಲದ ಗಾಳಿಯನ್ನೇ ಪೆಟ್ಟಿಗೆಯೊಳಗೆ 37.7ಕ್ಕೆ ಕಾಯಿಸಿದರೆ ಅಲ್ಲಿ ತೇವಾಂಶ ಶೇಕಡಾ 36ರ ಹತ್ತಿರಕ್ಕೆ ಇಳಿಯುತ್ತದೆ. ಹಾಗಾಗಿ ಎರಡನೆಯ ಸಲದ ತೊಂದರೆಗೆ ಮಳೆ ಕಾರಣವಲ್ಲ. ಎರಡೂ ತುಂಬಿದ ತೊಟ್ಟಿ, ಒದ್ದೆ ಬಟ್ಟೆ, ಮುಚ್ಚಿದ ತೂತು ಸೇರಿ ತಂದ ತೊಂದರೆ ಅದು. ತೂತು ಮುಚ್ಚಿದ್ದರಿಂದ ಇನ್ನೊಂದು ಕೆಡುಕೂ ಆಯಿತು: ಕೊನೆಯ ವಾರದಲ್ಲಿ ಮರಿಗಳಿಗೆ ಹೆಚ್ಚು ಆಮ್ಲಜನಕ ಬೇಕಾಗುವ ಹೊತ್ತಿನಲ್ಲೇ ಗಾಳಿಯಾಟ ನಿಂತಿತ್ತು.

ಎಷ್ಟು ನೀರು ಎಂಬುದನ್ನು ಊಹೆಗೆ ಬಿಡದೆ ಮೊಟ್ಟೆಗಳ ತೂಕದಿಂದಲೇ ತಿಳಿಯಬಹುದು ಎಂದು ವೈದ್ಯರು ಹೇಳಿಕೊಟ್ಟರು. ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ಮೊಟ್ಟೆ ದಿನವೂ ಸ್ವಲ್ಪ ನೀರು ಕಳೆದುಕೊಳ್ಳುತ್ತದೆ, ಆ ಜಾಗದಲ್ಲಿ ಗಾಳಿಗೂಡು ಹಿಗ್ಗುತ್ತದೆ. ಹದಿನೆಂಟು ದಿನಕ್ಕೆ ಮೊದಲ ತೂಕದ ಶೇಕಡಾ 12ರಿಂದ 13 ಇಳಿದರೆ ಸರಿ. ಕಡಿಮೆ ಇಳಿದರೆ ಮರಿಗೆ ಮೊದಲ ಉಸಿರಿಗೆ ಜಾಗವಿಲ್ಲ, ಹೆಚ್ಚು ಇಳಿದರೆ ಮರಿ ಒಣಗಿ ಸಣಕಲಾಗುತ್ತದೆ. ಮನೆಯಲ್ಲಿ ಏಲಕ್ಕಿ, ಕಾಳುಮೆಣಸು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇತ್ತು. ಒಂದೊಂದೇ ಮೊಟ್ಟೆ ತೂಗದೆ ಎಲ್ಲವನ್ನೂ ಒಟ್ಟಿಗೆ ತೂಗಿದ್ದರಿಂದ ಗ್ರಾಂ ಲೆಕ್ಕದ ತಕ್ಕಡಿಯೇ ಸಾಕಾಯಿತು.

ಏನಾಯಿತು

ಆಗಸ್ಟ್ ಕೊನೆಯಲ್ಲಿ ಇಟ್ಟ 30 ಮೊಟ್ಟೆಗಳ ಒಟ್ಟು ತೂಕ 1,380 ಗ್ರಾಂ. ತೂತುಗಳ ಟೇಪು ತೆಗೆದು, ನೀರು ಹಾಕದೆ ಶುರು ಮಾಡಿದರು. ಆರನೆಯ ದಿನಕ್ಕೆ ಸುಮಾರು 57 ಗ್ರಾಂ ಇಳಿಯಬೇಕಿತ್ತು, ಇಳಿದದ್ದು 73. ಮಗನ ವಾದಕ್ಕೆ ತಕ್ಕಡಿ ಹೀಗೆ ಉತ್ತರ ಕೊಟ್ಟಿತು. ಚಿಕ್ಕ ತೊಟ್ಟಿಯೊಂದಕ್ಕೆ ಮಾತ್ರ ನೀರು ಹಾಕಿದರು. ಏಳನೆಯ ದಿನ ರಾತ್ರಿ ಕೋಣೆಯ ದೀಪ ಆರಿಸಿ, ರಟ್ಟಿನ ತೂತಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ಎಲ್ಲ ಮೊಟ್ಟೆಗಳನ್ನೂ ನೋಡಿದರು. 27ರಲ್ಲಿ ಜೇಡನ ಕಾಲಿನಂತೆ ಹರಡಿದ ಕೆಂಪು ನರಗಳು, ನಡುವೆ ಅಲುಗುವ ಕಪ್ಪು ಚುಕ್ಕೆ ಕಂಡವು. ಎರಡು ತಿಳಿಯಾಗಿದ್ದವು, ಒಂದರಲ್ಲಿ ರಕ್ತದ ಉಂಗುರವಿತ್ತು. ಆ ಮೂರನ್ನು ತೆಗೆದು, ತೂಕದ ಲೆಕ್ಕದಿಂದಲೂ ಕಳೆದರು. ಹದಿನೆಂಟನೆಯ ದಿನ ಉಳಿದ ಮೊಟ್ಟೆಗಳ ಇಳಿಕೆ ಶೇಕಡಾ 12.7ಕ್ಕೆ ಬಂದು ನಿಂತಿತ್ತು.

ನಡುವೆ ಒಂದು ರಾತ್ರಿ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ಐದು ಗಂಟೆ ಕರೆಂಟು ಹೋಯಿತು. ಬಿಸಿನೀರಿನ ಬಾಟಲಿಗಳನ್ನು ಒಳಗಿಡೋಣ ಎಂದು ಮನೆಯವರು ಓಡಾಡಿದರು. ಗೃಹಿಣಿ ಮುಚ್ಚಳ ತೆರೆಯಗೊಡದೆ, ಪೆಟ್ಟಿಗೆಯ ಮೇಲೆ ಎರಡು ಕಂಬಳಿ ಹೊದೆಸಿ ಸುಮ್ಮನಿದ್ದರು. ಕೆಲವು ಗಂಟೆಗಳ ತಂಪನ್ನು ಭ್ರೂಣ ತಡೆಯುತ್ತದೆ, ಏಳುವುದು ಸ್ವಲ್ಪ ತಡವಾಗಬಹುದು ಅಷ್ಟೆ. ಆದರೆ 40 ಡಿಗ್ರಿ ದಾಟಿದ ಬಿಸಿ ಸ್ವಲ್ಪ ಹೊತ್ತಿನಲ್ಲೇ ಕೊಲ್ಲಬಲ್ಲದು. ಕರೆಂಟು ಬಂದ ಮೇಲೆ ಟಾರ್ಚ್ ಹಿಡಿದು ನೋಡಿದಾಗ ಎಲ್ಲವೂ ಅಲುಗುತ್ತಿದ್ದವು.

ಹದಿನೆಂಟನೆಯ ದಿನ ಮೋಟರ್ ನಿಲ್ಲಿಸಿ, ಮೊಟ್ಟೆಗಳನ್ನು ಜಾಲರಿಯ ಮೇಲೆ ಮಲಗಿಸಿ, ಎರಡೂ ತೊಟ್ಟಿಗೆ ನೀರು ತುಂಬಿ ಮುಚ್ಚಿದರು. ಇಲ್ಲಿಂದ ಮುಂದೆ ಕಷ್ಟದ ಕೆಲಸವೆಂದರೆ ಏನನ್ನೂ ಮಾಡದೆ ಇರುವುದು. ಚಿಪ್ಪಿಗೆ ಮೊದಲ ಬಿರುಕು ಬಿಟ್ಟ ಮೇಲೆ ಮರಿ ಹೊರಬರಲು ಹನ್ನೆರಡು ಗಂಟೆಯಿಂದ ಒಂದು ದಿನದವರೆಗೆ ಹಿಡಿಯುತ್ತದೆ. ಪೊರೆಯ ರಕ್ತ ಮೈಗೆ ಹಿಂತಿರುಗಿ, ಭಂಡಾರ ಹೊಟ್ಟೆಗೆ ಸೇರುವುದು ಆ ಹೊತ್ತಿನಲ್ಲಿಯೇ. ಒಂದು ಮರಿ ಬಿರುಕು ಬಿಟ್ಟು ಇಡೀ ರಾತ್ರಿ ಕದಲಲಿಲ್ಲ. ಹಿಂದಿನ ಸಲ ಕೈ ಹಾಕಿದ್ದ ಗೃಹಿಣಿ ಈ ಸಲ ಕಾದರು, ಬೆಳಿಗ್ಗೆ ಅದು ತಾನೇ ಚಿಪ್ಪಿನ ಮುಚ್ಚಳ ತಳ್ಳಿ ಎದ್ದಿತು. ಮೊದಲು ಎದ್ದ ಮರಿಗಳನ್ನೂ ಮೈ ಆರುವ ತನಕ ಒಳಗೇ ಬಿಟ್ಟರು. ಹೊಟ್ಟೆಯಲ್ಲಿ ಭಂಡಾರವಿರುವುದರಿಂದ ಒಂದು ದಿನ ಅನ್ನ ನೀರು ಇಲ್ಲದಿದ್ದರೂ ಅವಕ್ಕೆ ತೊಂದರೆಯಿಲ್ಲ.

30 ಮೊಟ್ಟೆಗೆ 23 ಮರಿಗಳಾದವು. ಉಳಿದ ನಾಲ್ಕನ್ನು ಒಡೆದು ನೋಡಿದಾಗ ಒಂದರಲ್ಲಿ ಮರಿಯ ತಲೆ ಕಿರಿದಾದ ತುದಿಯ ಕಡೆಗಿತ್ತು, ಇನ್ನೊಂದರಲ್ಲಿ ಕೊಕ್ಕು ಗಾಳಿಗೂಡಿಗೆ ತೂರಿದ್ದರೂ ಚಿಪ್ಪು ಒಡೆದಿರಲಿಲ್ಲ. ಮಿಕ್ಕೆರಡು ನಡುವಿನ ದಿನಗಳ ಸಾವು. ಯಾವುದರಲ್ಲೂ ನೀರು ತುಂಬಿರಲಿಲ್ಲ. ಮರಿಗಳನ್ನು ಭತ್ತದ ಹೊಟ್ಟು ಹರಡಿದ ಪೆಟ್ಟಿಗೆಯಲ್ಲಿ ಬಲ್ಬಿನ ಕಾವಿನಲ್ಲಿ ಇಟ್ಟರು, ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ. ಕೊಕ್ಕರೆ ರೋಗದ (ಕೋಳಿಗಳ ರಾಣಿಖೇತ್ ರೋಗ) ಮೊದಲ ಲಸಿಕೆಯನ್ನು ವಾರದೊಳಗೆ ಹಾಕಿಸಿದರು. ಒಂದು ಬಾಟಲಿಯಲ್ಲಿ ಇಷ್ಟು ಮರಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚು ಡೋಸು ಇರುವುದರಿಂದ ಅಕ್ಕಪಕ್ಕದ ಮನೆಯವರ ಮರಿಗಳನ್ನೂ ಅದೇ ದಿನಕ್ಕೆ ಕೂಡಿಸಿದ್ದರು. ಡಿಸೆಂಬರಿನ ನಾಲ್ಕನೆಯ ಸಲದಲ್ಲಿ 32ಕ್ಕೆ 25 ಮರಿಗಳಾದವು. ಚಳಿಗಾಲದ ಒಣ ಗಾಳಿಗೆ ಮೊದಲ ದಿನದಿಂದಲೇ ಒಂದು ತೊಟ್ಟಿ ನೀರು ಬೇಕಾಯಿತು, ಅದನ್ನೂ ತೂಕ ನೋಡಿಯೇ ಸರಿಮಾಡಿದರು.

ಪ್ರಕರಣದಿಂದ ತಿಳಿಯುವುದು

ಯಂತ್ರ ಕೊನೆಯವರೆಗೂ ಅದೇ, ಹುಂಜವೂ ಅದೇ. ಎದ್ದ ಮರಿಗಳ ಸಂಖ್ಯೆ ಸೋಲಿನ ಅಳತೆಯನ್ನು ಹೇಳುತ್ತದೆ, ಅದರ ಕಾರಣ ಏಳದ ಮೊಟ್ಟೆಗಳೊಳಗೆ ಇರುತ್ತದೆ. ಆದ್ದರಿಂದ ಇಪ್ಪತ್ತಮೂರನೆಯ ದಿನ ಉಳಿದವನ್ನು ಗುಂಡಿಗೆ ಹಾಕುವ ಮುನ್ನ ಒಡೆದು, ಮೊದಲ ವಾರ, ನಡುವಿನ ದಿನಗಳು, ಕೊನೆಯ ದಿನಗಳು ಎಂದು ಮೂರು ಗೆರೆ ಎಳೆದುಕೊಳ್ಳುವುದು ಇನ್‌ಕ್ಯುಬೇಟರ್ ಇಟ್ಟ ಪ್ರತಿ ಮನೆಯಲ್ಲೂ ರೂಢಿಯಾಗಬೇಕು. ಮೊದಲ ವಾರದ ಸಾವು ಹೆಚ್ಚಿದ್ದರೆ ಮೊಟ್ಟೆ ಕೂಡಿಟ್ಟ ಜಾಗ ಮತ್ತು ಅದರ ವಯಸ್ಸನ್ನು ಮೊದಲು ನೋಡಬೇಕು. ಪೂರ್ತಿ ಬೆಳೆದ ಮರಿಗಳು ಸತ್ತಿದ್ದರೆ ಗಾಳಿಗೂಡಿನ ಅಳತೆ, ಒಳಗಿನ ನೀರು ಮತ್ತು ಗಾಳಿಯಾಟ ನೋಡಬೇಕು. ಮೇ ತಿಂಗಳ 37 ಮೊಟ್ಟೆಗಳನ್ನು ಹೀಗೆ ನೋಡಿದ್ದರೆ ಜುಲೈನಲ್ಲಿ ತೊಟ್ಟಿಗಳು ತುಂಬುತ್ತಿರಲಿಲ್ಲ.

ಒಂದು ಮನೆಯ ನಾಲ್ಕು ಸಲದ ಅನುಭವಕ್ಕೆ ಅದರದೇ ಮಿತಿಯಿದೆ. ಮೂರನೆಯ ಸಲ ಹಲವು ಬದಲಾವಣೆಗಳನ್ನು ಒಟ್ಟಿಗೆ ಮಾಡಿದ್ದರಿಂದ ಯಾವುದರಿಂದ ಎಷ್ಟು ಮರಿ ಉಳಿದವೆಂದು ಬಿಡಿಸಿ ಹೇಳಲಾಗದು. ಬೇಸಿಗೆಯ ಪ್ರಶ್ನೆಯೂ ಉಳಿದಿದೆ: ಏಪ್ರಿಲ್, ಮೇ ತಿಂಗಳಲ್ಲಿ ಉಗ್ರಾಣದ ಕೋಣೆಯೇ 28 ಡಿಗ್ರಿಗೆ ಏರುತ್ತದೆ, ಒದ್ದೆ ಮರಳಿನ ಮಡಕೆ ಅದನ್ನು ಸ್ವಲ್ಪ ಮಾತ್ರ ತಗ್ಗಿಸುತ್ತದೆ. ಆ ಎರಡು ತಿಂಗಳು ನಾಲ್ಕು ದಿನಕ್ಕಿಂತ ಹಳೆಯ ಮೊಟ್ಟೆ ಇಡದೆ, ಹದಿನೈದಿಪ್ಪತ್ತು ಮೊಟ್ಟೆಗಳಿಗೇ ಯಂತ್ರ ನಡೆಸಿ ನೋಡುವುದೆಂದು ಗೃಹಿಣಿ ನಿರ್ಧರಿಸಿದ್ದಾರೆ. ಅದರ ಲೆಕ್ಕಕ್ಕೆ ನೋಟುಬುಕ್ಕಿನಲ್ಲಿ ಈಗಲೇ ಒಂದು ಪುಟ ಬಿಟ್ಟಿದ್ದಾರೆ.